ಹದಿನೈದು ಅಕ್ಷರಗಳ ಅಂಗಡಿ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಯಾವಾಗಲೂ ನೇರಳೆ ಬಣ್ಣದಲ್ಲಿರುತ್ತಿದ್ದವು. ಸ್ಟ್ಯಾಂಪ್ ಪ್ಯಾಡಿನ ಶಾಯಿ ಚರ್ಮದ ಗೆರೆಗಳಿಗೆ ಇಳಿದು, ಉಗುರಿನ ಸಂದಿಯಲ್ಲಿ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ನಿಂಬೆಹೋಳು, ಸೀಮೆಎಣ್ಣೆ, ಬಟ್ಟೆ ಸೋಪು ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗ ಪಕ್ಕದವರು ಆ ಕೈಯನ್ನೇ ನೋಡುತ್ತಾರೆಂದು ಅವರು ಬೇಕೆಂದೇ ಕೊನೆಯ ಪಂಕ್ತಿಗೆ ಹೋಗುತ್ತಿದ್ದರಂತೆ. ಇದು ಅವರ ಹೆಂಡತಿ ನನಗೆ ಹೇಳಿದ್ದು.

ಜಯನಗರದ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯೊಂದರಲ್ಲಿ, ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ರಬ್ಬರ್ ಸ್ಟ್ಯಾಂಪು, ಬೋರ್ಡು, ಬಾಗಿಲಿಗೆ ಹಾಕುವ ಹೆಸರಿನ ಹಲಗೆ ಮಾಡಿಕೊಡುತ್ತಿದ್ದರು. ಒಳಗೆ ಒಬ್ಬರು ಕೂರಬಹುದು, ಇನ್ನೊಬ್ಬರು ತಲೆ ಬಗ್ಗಿಸಿ ನಿಲ್ಲಬಹುದು, ಅಷ್ಟೇ. ಆ ರಸ್ತೆಗೆಲ್ಲ ಅವರು ಸೀಲ್ ಅಂಕಲ್. ನನಗೂ ಹಾಗೇ.

ನಾನು ಅವರನ್ನು ಮೊದಲು ನೋಡಿದ್ದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ. ಪದ್ಮನಾಭನಗರದಲ್ಲಿ ತೆರಿಗೆ ಸಲಹೆಗಾರರೊಬ್ಬರ ಆಫೀಸು. ಅಂಗಡಿಯವರ ಜಿಎಸ್‌ಟಿ ನಂಬರ್ ಮಾಡಿಸುವುದು, ಲೆಕ್ಕ ಸಲ್ಲಿಸುವುದು, ಬೇಕಾದರೆ ಸೀಲು ಮಾಡಿಸಿ ಕೊಡುವುದು ನಮ್ಮ ಕೆಲಸ. ಪೇಂಟ್ ಅಂಗಡಿಯವರೊಬ್ಬರಿಗೆ ಸೀಲು ಬೇಕಾಗಿತ್ತು. ಹೆಸರು, ವಿಳಾಸ, ಕೆಳಗೆ ಜಿಎಸ್‌ಟಿ ನಂಬರ್ ಬರೆದುಕೊಂಡು ಹೋಗಿದ್ದೆ. ಅವರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ವಾಪಸ್ ನನ್ನ ಕಡೆ ತಳ್ಳಿದರು.

"ಯಾರಮ್ಮ ಬರೆದಿದ್ದು ಇದನ್ನ?"

"ನಾನೇ ಅಂಕಲ್."

"ತಪ್ಪಿದೆ."

ಕಂಪ್ಯೂಟರ್ ನೋಡಿಕೊಂಡೇ ಬರೆದದ್ದು ಅಂದೆ. ಅವರು ಹಲಗೆಯ ಮೇಲೆ ಬೆರಳಿಟ್ಟು ಮಗುವಿಗೆ ಹೇಳಿಕೊಡುವ ಹಾಗೆ ಹೇಳಿದರು. "ಒಟ್ಟು ಹದಿನೈದು. ಮೊದಲ ಎರಡು ರಾಜ್ಯದ್ದು, ನಮ್ಮದು ಇಪ್ಪತ್ತೊಂಬತ್ತು. ಆಮೇಲಿನ ಹತ್ತು ಮಾಲೀಕನ ಪ್ಯಾನ್ ನಂಬರ್. ಪ್ಯಾನಲ್ಲಿ ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ನೀವು ಐದನೇ ಜಾಗದಲ್ಲಿ ಸೊನ್ನೆ ಬರೆದಿದೀರ. ಅಲ್ಲಿ ಸೊನ್ನೆ ಬರೋ ಹಾಗೇ ಇಲ್ಲ. ಅದು ಓ."

ಆಫೀಸಿಗೆ ಹೋಗಿ ನೋಡಿದರೆ ಅದು ಓ ಅಕ್ಷರವೇ. ಆ ತಪ್ಪು ಸೀಲು ಬಿದ್ದ ಬಿಲ್ಲುಗಳು ಹೊರಗೆ ಹೋಗಿದ್ದರೆ ಮೊದಲ ವಾರವೇ ನನ್ನ ಕೊನೆಯ ವಾರವಾಗುತ್ತಿತ್ತು.

ಅಲ್ಲಿಂದ ನಮ್ಮ ಸ್ನೇಹ. ಮೂರ್ನಾಲ್ಕು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಮಧ್ಯಾಹ್ನ ಅವರ ಡಬ್ಬಿಯ ಚಿತ್ರಾನ್ನದಲ್ಲಿ ನನಗೂ ಒಂದು ಪಾಲು. ನಂಬರ್ ಓದುವುದನ್ನು ನನಗೆ ಕಲಿಸಿದ್ದು ಅವರು, ನಮ್ಮ ಸಾರ್ ಅಲ್ಲ. ಪ್ಯಾನಿನ ನಾಲ್ಕನೇ ಅಕ್ಷರ ಪಿ ಇದ್ದರೆ ಒಬ್ಬ ಮನುಷ್ಯ, ಸಿ ಇದ್ದರೆ ಕಂಪನಿ, ಎಫ್ ಇದ್ದರೆ ಪಾಲುದಾರರು. ಹದಿಮೂರನೆಯದು ಆ ಪ್ಯಾನಿನಲ್ಲಿ ಆ ರಾಜ್ಯದೊಳಗೆ ಇದು ಎಷ್ಟನೇ ನೋಂದಣಿ ಅನ್ನುವುದು. ಕೊನೆಯದು ಹಿಂದಿನ ಹದಿನಾಲ್ಕೂ ತಾಳೆಯಾಗುತ್ತವೋ ಇಲ್ಲವೋ ಅಂತ ನೋಡುವ ಅಕ್ಷರ. "ಬೋರ್ಡ್ ಮೇಲೆ ಬಣ್ಣ ಎಷ್ಟು ಬೇಕಾದ್ರೂ ಬಳಿಬಹುದು ಕಣಮ್ಮ. ಈ ಹದಿನೈದನ್ನ ಓದಿದ್ರೆ ಅಂಗಡಿ ಎಂಥದ್ದು ಅಂತ ಗೊತ್ತಾಗುತ್ತೆ" ಅನ್ನುತ್ತಿದ್ದರು.

ಒಂದು ದಿನ ಇಸ್ತ್ರಿ ಮುರಿಯದ ಶರ್ಟು ಹಾಕಿಕೊಂಡಿದ್ದವರೊಬ್ಬರು ಕಾರು ನಿಲ್ಲಿಸಿ ಬಂದರು. ಕಂಪನಿಯ ಸೀಲು, ಅರ್ಧ ಗಂಟೆಯಲ್ಲಿ ಬೇಕು ಅಂದರು. ಅಂಕಲ್ ಚೀಟಿ ನೋಡಿ, "ಸಾರ್, ಹೆಸರಿನ ಮುಂದೆ ಪ್ರೈವೇಟ್ ಲಿಮಿಟೆಡ್ ಅಂತಿದೆ. ನಂಬರಲ್ಲಿ ಪಿ ಇದೆ. ಕಂಪನಿಯಾದ್ರೆ ಸಿ ಇರಬೇಕಿತ್ತು" ಅಂದರು.

"ನಿಮಗ್ಯಾಕ್ರೀ ಅದೆಲ್ಲ? ಕೊಟ್ಟಿದ್ದನ್ನ ಮಾಡ್ರಿ."

"ಬೇರೆ ಕಡೆ ಮಾಡಿಸ್ಕೊಳ್ಳಿ ಸಾರ್. ನನ್ನ ಕೈಲಿ ಆಗಲ್ಲ."

ಆ ಮನುಷ್ಯ ಬೈದುಕೊಂಡು ಹೋದ. ಅಂಕಲ್ ಏನೂ ಆಗದವರ ಹಾಗೆ ಬ್ಲೇಡು ತೆಗೆದುಕೊಂಡು ಇನ್ನೊಂದು ಸೀಲಿನ ಅಂಚು ಕತ್ತರಿಸತೊಡಗಿದರು. ಸುಳ್ಳು ಬರೆಯುವುದಕ್ಕೆ ಆ ಕೈ ಒಪ್ಪುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಇದೇ ಅಂಕಲ್ ಮುಂದೆ ನನಗಾಗಿ ಒಂದು ಸುಳ್ಳು ಹೇಳಿದರು.

ಎಲ್ಲರ ನಂಬರನ್ನೂ ಕೆತ್ತುತ್ತಿದ್ದ ಅವರಿಗೆ ಸ್ವಂತದ್ದೊಂದು ಜಿಎಸ್‌ಟಿ ನಂಬರ್ ಇರಲಿಲ್ಲ. ಅಷ್ಟು ಚಿಕ್ಕ ವ್ಯಾಪಾರಕ್ಕೆ ಬೇಕಾಗಿಯೂ ಇರಲಿಲ್ಲ. ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನಂಬರನ್ನಾದರೂ ಮಾಡಿಸಿಕೊಳ್ಳಿ ಅಂತ ಬಲವಂತ ಮಾಡಿದ್ದು ನಾನು. ಪ್ಯಾನ್, ಆಧಾರ್ ಎರಡರ ಜೆರಾಕ್ಸನ್ನೂ ಅವರಿಂದ ಇಸಿದುಕೊಂಡು, ಯಾರದೆಂದು ಮರೆಯಬಾರದೆಂದು ಮೂಲೆಯಲ್ಲಿ 'ಸೀಲ್ ಅಂಕಲ್' ಅಂತ ಬರೆದು, ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದವನ ಮೇಜಿನ ಮೇಲಿಟ್ಟೆ. ನಂಬರ್ ಬಂತು. ಅಂಕಲ್ ಅದರ ಪ್ರಿಂಟನ್ನು ಫ್ರೇಮು ಹಾಕಿಸಿ, ದೇವರ ಪಟದ ಪಕ್ಕ ತೂಗುಹಾಕಿದರು. ಕೆಲವು ತಿಂಗಳಾದ ಮೇಲೆ ಆ ಡೇಟಾ ಎಂಟ್ರಿಯವನು ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಎರಡು ವರ್ಷದ ನಂತರ ಬನಶಂಕರಿಯ ಶಾಲೆಯೊಂದು ಅವರನ್ನು ಕರೆಯಿತು. ಶಾಲೆಯ ಎಲ್ಲ ಶಾಖೆಗಳಿಗೂ ಕೋಣೆ ಕೋಣೆಗೆ ಹೊಸ ಬೋರ್ಡು ಆಗಬೇಕಿತ್ತು. ಅಷ್ಟು ದೊಡ್ಡ ಕೆಲಸ ಅವರಿಗೆ ಎಂದೂ ಬಂದಿರಲಿಲ್ಲ. ಆದರೆ ಶಾಲೆಯವರು ಜಿಎಸ್‌ಟಿ ಬಿಲ್ ಬೇಕೇ ಬೇಕು ಅಂದರು. ಅಂಕಲ್ ಗಡ್ಡ ಹೆರೆಸಿಕೊಂಡು, ಬಿಳಿ ಶರ್ಟು ಹಾಕಿಕೊಂಡು ನಮ್ಮ ಆಫೀಸಿಗೆ ಬಂದು ನನ್ನ ಪಕ್ಕ ಕೂತರು. ಹೊಸ ಅರ್ಜಿಯಲ್ಲಿ ಪ್ಯಾನ್ ಹಾಕಿ ಮುಂದಿನ ಪುಟಕ್ಕೆ ಹೋದೆ. ಈ ಪ್ಯಾನಿನಲ್ಲಿ ಈಗಾಗಲೇ ಇರುವ ನೋಂದಣಿಗಳು ಎಂದು ಒಂದು ಪಟ್ಟಿ ಬಂತು. ಸಾಮಾನ್ಯವಾಗಿ ಅದು ಖಾಲಿ ಇರುತ್ತದೆ. ಅವತ್ತು ಅದರಲ್ಲಿ ಒಂದು ಸಾಲಿತ್ತು.

"ಅಂಕಲ್, ನಿಮ್ಮ ಹೆಸರಲ್ಲಿ ಆಗ್ಲೇ ಒಂದು ನಂಬರ್ ಇದೆ."

"ತಪ್ಪು ಹೊಡೆದಿರ್ತೀಯ. ಇನ್ನೊಂದ್ಸಲ ಹೊಡಿ."

ಹೊಡೆದೆ. ಅದೇ ಸಾಲು. ಅವರು ಕುರ್ಚಿ ಎಳೆದುಕೊಂಡು ತಾವೇ ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಮತ್ತೆ ಅದೇ. ಮೊದಲೆರಡು ಅಂಕಿ ನಮ್ಮ ಇಪ್ಪತ್ತೊಂಬತ್ತಲ್ಲ, ಉತ್ತರದ ಯಾವುದೋ ದೂರದ ರಾಜ್ಯದ್ದು. ನಡುವಿನ ಹತ್ತೂ ಅವರವೇ. ತೆರೆದು ನೋಡಿದರೆ ಹಳೇ ಕಬ್ಬಿಣ, ತಾಮ್ರದ ವ್ಯಾಪಾರ. ಮಾಲೀಕರ ಜಾಗದಲ್ಲಿ ಅವರ ಪೂರ್ತಿ ಹೆಸರು, ತಂದೆಯ ಹೆಸರಿನ ಇನಿಷಿಯಲ್ ಸಮೇತ. ಅವರು ಮಂತ್ರಾಲಯದಿಂದ ಆಚೆ ಹೋದವರೇ ಅಲ್ಲ.

"ಹದಿನೈದನೇದು ತಾಳೆ ಆಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ.

ನಮ್ಮ ಸಾರ್ ಬಂದು ನೋಡಿ, "ಮೊದಲು ಅದನ್ನ ರದ್ದು ಮಾಡಿಸಿ. ಅಲ್ಲೀತನಕ ಹೊಸದಕ್ಕೆ ಕೈ ಹಾಕಬೇಡಿ" ಅಂದರು. ಹೇಳುವುದು ಸುಲಭವಿತ್ತು. ರದ್ದು ಮಾಡಲು ಆ ನಂಬರಿನೊಳಗೆ ಲಾಗಿನ್ ಆಗಬೇಕು. ಲಾಗಿನ್ ಆಗಲು ಒಟಿಪಿ ಬೇಕು. ಒಟಿಪಿ ಹೋಗುವುದು ಅದನ್ನು ಮಾಡಿಸಿದವನ ಫೋನಿಗೆ. ಇಲ್ಲಿನ ತೆರಿಗೆ ಇಲಾಖೆಯ ಆಫೀಸಿನಲ್ಲಿ ಕೇಳಿದರೆ, ಅದು ಆ ರಾಜ್ಯದ್ದು, ನಾವು ಮುಟ್ಟುವ ಹಾಗಿಲ್ಲ ಅಂದರು. ಅಲ್ಲಿಗೆ ಬರೆದರೆ, ನೋಂದಾಯಿಸಿದ ಇಮೇಲಿನಿಂದಲೇ ಬರೆಯಿರಿ ಅಂತ ಉತ್ತರ ಬಂತು. ಆ ಇಮೇಲೂ ಅವನದೇ. ಮತ್ತೆ ಬರೆದಾಗ, ಬೆರಳಚ್ಚು ಕೊಟ್ಟು ನೀವೇ ನೀವು ಅಂತ ದೃಢಪಡಿಸಿ ಅಂದರು. ಸೇವಾ ಕೇಂದ್ರದಲ್ಲಿ ಸಾಲು ನಿಂತು ಹೆಬ್ಬೆರಳು ಇಟ್ಟರೆ ಯಂತ್ರ ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷ ರಬ್ಬರು, ಶಾಯಿ, ತೊಳೆಯುವ ದ್ರಾವಣ ಎಲ್ಲ ಸೇರಿ ಅವರ ಬೆರಳಿನ ಗೆರೆಗಳನ್ನೇ ಸವೆಸಿಬಿಟ್ಟಿದ್ದವು. ಐದು ಸಲ ಒರೆಸಿ ಇಟ್ಟರೂ ಕೆಂಪು ದೀಪ.

ಹೊರಗೆ ಬಂದು ಫುಟ್‌ಪಾತ್ ಮೇಲೆ ನಿಂತು ಅವರು, "ನನ್ನ ಹೆಸರಲ್ಲಿ ಅಂಗಡಿ ತೆಗೆಯೋಕೆ ನಾನು ಬೇಕಾಗಿರ್ಲಿಲ್ಲ. ಮುಚ್ಚೋಕೆ ಮಾತ್ರ ನನ್ನ ಬೆರಳು ಬೇಕಂತೆ" ಅಂದರು. ನಗು ಬರಿಸಲೆಂದೇ ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಶಾಲೆಯವರು ಒಂದು ತಿಂಗಳು ಕಾದು ಬೇರೆಯವರಿಗೆ ಕೆಲಸ ಕೊಟ್ಟರು. ಅಷ್ಟರಲ್ಲಿ ಆ ರಾಜ್ಯದಿಂದ ಹಿಂದಿಯಲ್ಲಿ ಒಂದು ನೋಟಿಸು ಮನೆಗೇ ಬಂತು. ಆ ವ್ಯಾಪಾರಕ್ಕೆ ತೆರಿಗೆ ಕಟ್ಟಿಲ್ಲ, ಮಾಲೀಕರು ಖುದ್ದಾಗಿ ಬಂದು ಉತ್ತರ ಕೊಡಬೇಕು ಅಂತ. ಅವರ ಬ್ಯಾಂಕ್ ಖಾತೆಯನ್ನು ತಡೆಹಿಡಿದಿದ್ದರು. ಅವರ ಹೆಂಡತಿ, ನನಗೆ ಆಂಟಿ, ಆ ಕಾಗದವನ್ನು ಅಡುಗೆಮನೆಯ ಅಕ್ಕಿ ಡಬ್ಬದ ಕೆಳಗಿಟ್ಟಿದ್ದರು. ಅದು ಕಣ್ಣಿಗೆ ಬೀಳಬಾರದು ಅನ್ನುತ್ತಿದ್ದರು.

ಪೊಲೀಸರಿಗೆ ದೂರು ಕೊಟ್ಟೆವು. ಸೈಬರ್ ವಿಭಾಗದ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಹೆಂಗಸು, ತಾಳ್ಮೆಯಿದ್ದವರು. ಆ ನೋಂದಣಿಗೆ ಕೊಟ್ಟಿದ್ದ ದಾಖಲೆಗಳನ್ನು ಅಲ್ಲಿಂದ ತರಿಸಿ ನಮ್ಮನ್ನು ಕರೆದರು. ಪ್ಯಾನಿನ ಪ್ರತಿಯ ಪ್ರಿಂಟನ್ನು ಮೇಜಿನ ಮೇಲಿಟ್ಟು ಮೂಲೆಗೆ ಪೆನ್ನು ತೋರಿಸಿದರು.

"ಇಲ್ಲಿ ಕನ್ನಡದಲ್ಲಿ ಏನೋ ಬರೆದಿದೆ ನೋಡಿ. 'ಸೀಲ್ ಅಂ' ಅಂತ. ಮುಂದಿಂದು ಕಟ್ ಆಗಿದೆ. ಯಾರ ಬರಹ ಇದು?"

ನನ್ನ ಅಕ್ಷರ ನನಗೆ ಗೊತ್ತಿರಲಿಲ್ಲವೇ? ಆ ಜೆರಾಕ್ಸು ಹೊರಗೆ ಹೋಗಿದ್ದು ನಮ್ಮ ಆಫೀಸಿನಿಂದ, ನಾನಿಟ್ಟ ಮೇಜಿನಿಂದ. ಅಂಕಲ್ ಕನ್ನಡಕ ಹಾಕಿಕೊಂಡು ನೋಡಿದರು. ಅಕ್ಷರ ಗುರುತು ಹಿಡಿಯುವುದೇ ಅವರ ಕಸುಬು. ನಾನು ಬರೆದುಕೊಟ್ಟ ನೂರಾರು ಚೀಟಿಗಳನ್ನು ಓದಿದವರು. ಒಂದು ಕ್ಷಣ ಅವರ ಕಣ್ಣು ನನ್ನ ಕಡೆ ಬಂದು ಹೋಯಿತು.

"ನಂದೇ ಮೇಡಂ" ಅಂದರು.

"ನಿಮ್ಮದಾ?"

"ಹೌದು. ಸೀಲ್ ಅಂಗಡಿ ಅಂತ ಬರ್ಕೊಂಡಿದ್ದೆ."

"ಹಂಗಾದ್ರೆ ಯಾರಿಗೆ ಕೊಟ್ರಿ ಇದನ್ನ?"

"ನೆನಪಿಲ್ಲ ಮೇಡಂ. ಸಿಮ್‌ಗೆ ಕೊಟ್ಟಿದೀನಿ, ಗ್ಯಾಸ್‌ಗೆ ಕೊಟ್ಟಿದೀನಿ."

ಸಬ್ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ನೋಡಿ ಅಂಕಲ್, ಪ್ಯಾನ್‌ನ ಬಾಡಿಗೆಗೆ ಕೊಡೋರು ಇದಾರೆ. ಕಮಿಷನ್ ತಗೊಂಡು ಕೊಡ್ತಾರೆ, ಆಮೇಲೆ ನೆನಪಿಲ್ಲ ಅಂತಾರೆ. ನೀವು ಅಂಥವರಲ್ಲ ಅಂತ ನಾನು ಹೇಗೆ ಬರೀಲಿ?"

ನಾನು ಬಾಯಿ ಬಿಡಲಿಲ್ಲ. ಸುದ್ದಗುಂಟೆಪಾಳ್ಯದ ಎರಡು ಕೋಣೆಯ ಮನೆಗೆ ನನ್ನ ಸಂಬಳವೊಂದೇ ಬರುತ್ತಿದ್ದದ್ದು. ಅಮ್ಮ ಮಂಡಿನೋವಿಗೆ ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದಳು. ಇದನ್ನೆಲ್ಲ ಅವರಿಗೆ ಡಬ್ಬಿ ಹಂಚಿಕೊಳ್ಳುವಾಗ ನಾನೇ ಹೇಳಿದ್ದೆ. ಬಸ್ ಸ್ಟಾಪಿನಲ್ಲಿ ನಿಂತಾಗ ಏನಾದರೂ ಕೇಳುತ್ತಾರೆಂದು ಕಾದೆ. "ನಿನ್ನ ಬಸ್ ಬಂತು, ಹತ್ತು" ಅಂದರು, ಅಷ್ಟೇ.

ಮೂರು ವಾರ ನಾನು ಆ ರಸ್ತೆಗೆ ಹೋಗಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವರು ಕಳ್ಳರಾಗುತ್ತಾರೆ. ರಾತ್ರಿ ಅಮ್ಮನ ಪಕ್ಕ ಮಲಗಿ ಇವೆರಡನ್ನೇ ತಿರುವಿ ಹಾಕುತ್ತಿದ್ದೆ. ಹೇಗೋ ತಾನಾಗಿಯೇ ಸರಿಹೋಗಬಹುದು ಅಂತಲೂ ಅಂದುಕೊಳ್ಳುತ್ತಿದ್ದೆ.

ಒಂದು ಸೀಲಿನ ಕೆಲಸಕ್ಕೆ ಸಾರ್ ಕಳಿಸಿದಾಗ ಹೋಗಲೇಬೇಕಾಯಿತು. ಅಂಕಲ್ ಕಾಫಿ ತರಲು ಹೋಗಿದ್ದರು. ಹಲಗೆಯ ಮೇಲೆ ಒಂದು ಹಾಳೆ ಬಿದ್ದಿತ್ತು. ಹಿಂದಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ, ಸೀಲಿಗೆ ಬರೆಯುವ ಹಾಗೆ ಗುಂಡಗೆ ಬರೆದುಕೊಂಡಿದ್ದರು. 'ಸಾಬ್, ಯೆ ದುಕಾನ್ ಮೇರಾ ನಹೀ ಹೈ. ಮೈ ಬೆಂಗಳೂರು ಮೆ ರೆಹತಾ ಹೂ. ಮೈ ಚೋರ್ ನಹೀ ಹೂ.' ಆ ಅಂಗಡಿ ನನ್ನದಲ್ಲ, ನಾನಿರುವುದು ಬೆಂಗಳೂರಿನಲ್ಲಿ, ನಾನು ಕಳ್ಳನಲ್ಲ ಅಂತ. ಕೆಳಗೆ ಎರಡು ರೈಲಿನ ಹೆಸರು, ಹೊರಡುವ ಸಮಯ. ಒಬ್ಬರೇ ಹೊರಟಿದ್ದರು.

ಅವರು ಬರುವಷ್ಟರಲ್ಲಿ ನಾನು ಅಲ್ಲಿರಲಿಲ್ಲ. ನೇರವಾಗಿ ಸ್ಟೇಷನ್ನಿಗೆ ಹೋಗಿ ಸಬ್ ಇನ್‌ಸ್ಪೆಕ್ಟರ್ ಮುಂದೆ ಕೂತು, ಆ ಬರಹ ನನ್ನದು, ಜೆರಾಕ್ಸ್ ಇಸಿದುಕೊಂಡಿದ್ದು ನಾನು, ಇಟ್ಟಿದ್ದು ಇಂಥಾ ಆಫೀಸಿನ ಇಂಥವನ ಮೇಜಿನ ಮೇಲೆ ಅಂತ ಬರೆದುಕೊಟ್ಟೆ. ಅವರು ನನ್ನ ಕೈಲಿ ಹತ್ತು ಸಲ 'ಸೀಲ್ ಅಂಕಲ್' ಅಂತ ಬರೆಸಿದರು. ಹತ್ತೂ ಒಂದೇ ಥರ ಇದ್ದವು.

ಮಾರನೇ ದಿನ ಪೊಲೀಸರು ಆಫೀಸಿಗೆ ಬಂದರು. ಕೆಲಸ ಬಿಟ್ಟು ಹೋದವನ ವಿವರ ತೆಗೆದುಕೊಂಡರು. ಅವರು ಹೋದ ಮೇಲೆ ಸಾರ್ ನನ್ನನ್ನು ಕರೆದು, "ನನಗೆ ಒಂದು ಮಾತು ಹೇಳ್ಬೋದಿತ್ತಲ್ಲಮ್ಮ. ಆಫೀಸ್ ಹೆಸರನ್ನ ಸ್ಟೇಷನ್‌ವರೆಗೂ ತಗೊಂಡು ಹೋದೆ. ನಾಳೆಯಿಂದ ಬರಬೇಡ" ಅಂದರು. ಬೀಗದ ಕೈ ಕೊಟ್ಟು ಬಂದೆ.

ಅಂಕಲ್ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರನ್ನೂ ಸ್ಟೇಷನ್ನಿಗೆ ಕರೆಸಿ, ಮೊದಲು ಕೊಟ್ಟ ಹೇಳಿಕೆ ಸುಳ್ಳು ಅಂತ ಬರೆಸಿಕೊಂಡಿದ್ದರು. ನಾನು ಹೋದಾಗ ಸೀಲಿನ ಹಿಡಿಗೆ ಗೋಂದು ಹಚ್ಚುತ್ತಿದ್ದರು. ತಲೆಯೆತ್ತಲಿಲ್ಲ.

"ನೀವು ಹೇಳಬಾರದಿತ್ತು" ಅಂದರು.

ಆ 'ನೀವು' ಕೇಳಿ ನನಗೆ ನಿಂತಲ್ಲೇ ಕಣ್ಣು ತುಂಬಿತು.

"ನಿಮ್ಮನ್ನ ಕಳ್ಳ ಅಂದ್ಕೊಂಡಿದ್ರು ಅಂಕಲ್."

"ಅಂದ್ಕೊಳ್ಳಲಿ. ನನಗೆ ಅರವತ್ತು ಆಗ್ತಾ ಬಂತು, ಅಂದ್ಕೊಂಡ್ರೆ ಏನಾಗ್ತಿತ್ತು? ನಿಮ್ಮ ಕೆಲಸ ಉಳಿಯುತ್ತಿತ್ತು. ಈಗ ನಿಮ್ಮ ಕೆಲಸಾನೂ ಹೋಯ್ತು, ನಾನು ಸುಳ್ಳುಗಾರ ಅಂತ ಸೈನ್ ಹಾಕಿ ಕೊಟ್ಟಿದ್ದೂ ಆಯ್ತು."

ಆದರೆ ನಾನು ಬರೆದುಕೊಟ್ಟ ಹೇಳಿಕೆಯೇ ಬಾಗಿಲು ತೆರೆಯಿತು. ಸಬ್ ಇನ್‌ಸ್ಪೆಕ್ಟರ್ ಅದನ್ನು ದೂರಿನ ಪ್ರತಿಯ ಜೊತೆ ಆ ರಾಜ್ಯಕ್ಕೆ ಕಳಿಸಿದರು. ಅಲ್ಲಿನ ಅಧಿಕಾರಿ ವಿಡಿಯೋದಲ್ಲಿ ವಿಚಾರಣೆ ಮಾಡಲು ಒಪ್ಪಿದರು. ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ, ನನ್ನ ಫೋನನ್ನು ಗೋಂದಿನ ಡಬ್ಬಕ್ಕೆ ಒರಗಿಸಿಟ್ಟು, ಅಂಕಲ್ ಕೈಮುಗಿದು ಕೂತು ಆ ಮೂರು ವಾಕ್ಯಗಳನ್ನು ಹೇಳಿದರು. ಅಧಿಕಾರಿ ಏನೋ ಕೇಳಿದರು. ಅರ್ಥವಾಗದೆ ಅಂಕಲ್ ಅವೇ ಮೂರನ್ನು ಮತ್ತೆ ಹೇಳಿದರು. ಕೊನೆಗೆ ಆ ಕಡೆಯವರೇ, "ಠೀಕ್ ಹೈ, ಬೈಠಿಯೇ" ಅಂದರು. ಅಂಕಲ್ ಕೂತೇ ಇದ್ದರು. ಆದರೂ ಎದ್ದು ಇನ್ನೊಂದು ಸಲ ಕೂತರು.

ಎಂಟು ತಿಂಗಳು ಹಿಡಿಯಿತು. ನಂಬರು ಮೊದಲ ದಿನದಿಂದಲೇ ರದ್ದು ಎಂದು ಆದೇಶ ಬಂತು, ನೋಟಿಸು ವಾಪಸ್ಸಾಯಿತು, ಬ್ಯಾಂಕ್ ಖಾತೆಯ ಮೇಲಿನ ತಡೆ ತೆಗೆದರು. ಡೇಟಾ ಎಂಟ್ರಿಯವನು ಸಿಕ್ಕನೋ ಇಲ್ಲವೋ ನನಗೆ ತಿಳಿಯಲಿಲ್ಲ.

ಕೆಲಸವಿಲ್ಲದೆ ನಾನು ಅಲೆಯುತ್ತಿದ್ದ ದಿನಗಳಲ್ಲೇ ಅಂಕಲ್ ಒಂದು ಬೆಳಗ್ಗೆ ಫೋನ್ ಮಾಡಿ ಕರೆಸಿದರು. ಅಂಗಡಿಯ ಮುಂದೆ, ಮೆಟ್ಟಿಲಿನ ಬದಿಗೆ ಒಂದು ಚಿಕ್ಕ ಮೇಜು ಹಾಕಿಸಿದ್ದರು. "ಇಲ್ಲಿಗೆ ಸೀಲ್ ಮಾಡಿಸೋಕೆ ಬರೋರಿಗೆಲ್ಲ ನಂಬರ್ ಕೆಲಸ ಇರುತ್ತೆ. ನೀವು ಇಲ್ಲೇ ಕೂತ್ಕೊಳ್ಳಿ" ಅಂದರು. ಕೂತೆ. ಬೇಕರಿಯವರು, ಬ್ಲೌಸ್ ಹೊಲಿಯುವವರು, ಹಪ್ಪಳ ಮಾಡುವವರು ಬಂದರು. ಯಾರದೇ ಜೆರಾಕ್ಸ್ ತೆಗೆದುಕೊಂಡರೂ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನ ಎಂದು ಅವರ ಕೈಯಿಂದಲೇ ಬರೆಸಿ ಸಹಿ ಹಾಕಿಸುತ್ತಿದ್ದೆ. ಅಂಕಲ್ ಚಿತ್ರಾನ್ನದ ಪಾಲು ಕೊಡುವುದನ್ನು ನಿಲ್ಲಿಸಲಿಲ್ಲ. ಆದರೆ 'ನೀವು' ಅನ್ನುವುದನ್ನೂ ಬಿಡಲಿಲ್ಲ. ತಮಗೊಂದು ಜಿಎಸ್‌ಟಿ ನಂಬರ್ ಮಾಡಿಸಿಕೊಳ್ಳಲು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ದೊಡ್ಡ ಕೆಲಸ ಬಂದರೆ ಬೇರೆ ಅಂಗಡಿ ತೋರಿಸಿ ಕಳಿಸುತ್ತಿದ್ದರು. ಮಾತು ಕಡಿಮೆಯಾಗಿತ್ತು. ಅಂಚೆಯವನು ರಸ್ತೆಯಲ್ಲಿ ಕಂಡರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಅವನು ದಾಟಿ ಹೋಗುವತನಕ ನೋಡುತ್ತಿದ್ದರು.

ಒಂದು ವರ್ಷ ಹೀಗೆ. ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಕಣ್ಣು ತೆರೆದು ತುಂಬ ಹೊತ್ತು ನೋಡಿ, "ಊಟ ಮಾಡಿದ್ಯಾ ನೀನು?" ಅಂದರು. ಮಾಡಿಲ್ಲ ಅಂದೆ. "ಹೋಗು, ಮಾಡು" ಅಂದರು. ಅದಾಗಿ ಎರಡನೇ ದಿನಕ್ಕೆ ಅವರು ಹೋದರು.

ತಿಥಿಯೆಲ್ಲ ಮುಗಿದ ಮೇಲೆ ಆಂಟಿ ಮರಣ ಪ್ರಮಾಣಪತ್ರ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಅಂಕಲ್ ಹೆಸರಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ಮುಚ್ಚಬೇಕಿತ್ತು. ಜಿಎಸ್‌ಟಿಯ ವೆಬ್‌ಸೈಟಿನಲ್ಲಿ ಅವರ ಪ್ಯಾನ್ ಹಾಕಿದೆ. ಆ ಒಂದು ಸಾಲು ಬಂತು. ಅವರ ಪೂರ್ತಿ ಹೆಸರು, ಹಳೇ ಕಬ್ಬಿಣದ ವ್ಯಾಪಾರ, ಮಾಲೀಕರು, ಪಕ್ಕದಲ್ಲಿ 'ರದ್ದು'.

"ಇದನ್ನ ಪೂರ್ತಿ ಅಳಿಸೋಕೆ ಆಗಲ್ವೇನಮ್ಮ?" ಆಂಟಿ ಕೇಳಿದರು.

"ಆಗಲ್ಲ ಆಂಟಿ. ರದ್ದಾದ್ರೂ ಹೆಸರು ಹಾಗೇ ಇರುತ್ತೆ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಮ್ಮನೆಯವರು ಎಲ್ಲಾ ಅಳಿಸಿ ಹೋಯ್ತು ಅಂತ ತಾನೆ ಅಂದ್ಕೊಂಡಿದ್ರು? ಇದಿನ್ನೂ ಇದೆ ಅಂತ ಅವರಿಗೆ ಗೊತ್ತಿರ್ಲಿಲ್ಲ ಅಲ್ವಾ?"

ಪ್ರತಿದಿನ ಬೆಳಗ್ಗೆ ಶಟರ್ ಎತ್ತಿದ ಮೇಲೆ ಅಂಕಲ್ ಮಾಡುತ್ತಿದ್ದ ಮೊದಲ ಕೆಲಸ, ನನ್ನ ಮೇಜಿನ ಹತ್ತಿರ ಬಂದು ಆ ಸಾಲನ್ನು ತೆಗೆಸಿ ನೋಡುವುದು.

"ಇಲ್ಲ ಆಂಟಿ" ಅಂದೆ. "ಗೊತ್ತಿರ್ಲಿಲ್ಲ."